ಮರಿಗುಂಡಿಯ ಸುಣ್ಣ

ವಾಡಿ ಸ್ಟೇಶನ್ನಿನಲ್ಲಿ ರೈಲುಗಳು ಇನ್ನೂ ನೀರು ಕುಡಿಯಲು ನಿಲ್ಲುತ್ತಿದ್ದ ಕಾಲ. ಎಂಜಿನ್ನಿನ ಹೊಗೆ ಒಂದು ಕಡೆ, ಸಿಮೆಂಟ್ ಕಾರ್ಖಾನೆಯ ಧೂಳು ಇನ್ನೊಂದು ಕಡೆ. ಒಗೆದು ಹಾಕಿದ ಸೀರೆ ಒಣಗುವ ಹೊತ್ತಿಗೆ ಮತ್ತೆ ಮಾಸಿರುತ್ತಿತ್ತು. ಓದುವವರಲ್ಲಿ ಆ ಕಡೆಯವರಿದ್ದರೆ, ರೊಟ್ಟಿಯನ್ನು ಬಾಯಿಗಿಡುವ ಮುಂಚೆ ಒಮ್ಮೆ ಊದುವ ಅಭ್ಯಾಸ ನಿಮಗೂ ಇದ್ದಿರಬೇಕು. ನನಗೆ ಈಗಲೂ ಇದೆ.

ನಾನು ಮೂರನೇ ಇಯತ್ತೆಯವರೆಗೆ ಮಾತ್ರ ಶಾಲೆ ಕಂಡವಳು. ಇದನ್ನು ಬಾಯಿಂದ ಹೇಳಲು ಆಗಲಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಊರಿನಿಂದ ದೂರ, ಒಂದು ಹಳೆಯ ಕಲ್ಲಿನ ಖಣಿಯ ದಂಡೆಗೆ ಇತ್ತು. ಕಲ್ಲು ತೆಗೆಯುವಾಗ ನೀರಿನ ಸೆಲೆ ಒಡೆದು ಖಣಿ ತುಂಬಿ ಕೆರೆಯಾಗಿತ್ತು. ರವಿವಾರ ಕಾರ್ಖಾನೆಯ ಸಾಹೇಬರು ಅಲ್ಲಿಗೆ ಬಂದು, ದುಂಡು ಟೋಪಿ ಹಾಕಿಕೊಂಡು, ಗಾಳ ಹಿಡಿದು ಕೂಡುತ್ತಿದ್ದರು. ಹೊಟ್ಟೆಗಲ್ಲ, ಹವ್ಯಾಸಕ್ಕೆ. ಅಪ್ಪ ಆ ಕೆರೆಯ ಕಾವಲುಗಾರ. ನಮ್ಮದು ಕಾಗಿಣಾ ಹೊಳೆಯಲ್ಲಿ ಬಲೆ ಬೀಸಿ ಬದುಕಿದ ಮನೆತನ. ಇಡೀ ದಿನ ಕುಳಿತು ಒಂದು ಮೀನು ಹಿಡಿದು ನಗುವವರನ್ನು ಕಂಡು ಯವ್ವ, "ಇವ್ರಿಗಿ ಮನ್ಯಾಗ ಕುಂದ್ರಾಕ ಜಾಗ ಇಲ್ಲೇನ?" ಎನ್ನುತ್ತಿದ್ದಳು.

ಮೊದಮೊದಲು ಸಾಹೇಬರು ಸಿಕ್ಕಿದ್ದನ್ನೆಲ್ಲ ಹಿಡಿದು ಕೆರೆಯನ್ನು ಬರಿದು ಮಾಡಿದ್ದರು. ಆಮೇಲೆ ಮೈಸೂರು ಕಡೆಯಿಂದ ಒಬ್ಬ ದೊಡ್ಡ ಸಾಹೇಬರು ಬಂದರು. ಅವರು ಕಾಯಿದೆ ಮಾಡಿದರು: ಒಬ್ಬರಿಗೆ ದಿನಕ್ಕೆ ಎರಡೇ ಮೀನು, ಮೊಳಕ್ಕಿಂತ ಸಣ್ಣದು ಸಿಕ್ಕರೆ ತಿರುಗಿ ನೀರಿಗೆ. ಮೀನನ್ನು ಅಳೆಯಲು ಗೀಟು ಕೊರೆದ ಒಂದು ಬಿದಿರಿನ ಕೋಲು ಇತ್ತು. ಅದನ್ನು ಹಿಡಿದು ನಿಲ್ಲುವವನು ನನ್ನ ಅಣ್ಣ ಮಲ್ಲಣ್ಣ. ಮೆಟ್ರಿಕ್ ಪಾಸಾಗಿದ್ದ, ಹದಿನೇಳು ವರ್ಷ. ನನಗೆ ಒಂಬತ್ತು.

ಸಾಹೇಬರು ಕೆರೆಯ ಪಕ್ಕದಲ್ಲಿ ಒಂದು ಗುಂಡಿ ತೋಡಿಸಿದರು. ಸರ್ಕಾರದ ಕಡೆಯಿಂದ ಬರುವ ರೋಹು, ಕಾಟ್ಲಾ ಮರಿಗಳನ್ನು ಅದರಲ್ಲಿ ಸಾಕಿ, ಬೆರಳುದ್ದವಾದ ಮೇಲೆ ಕೆರೆಗೆ ಬಿಡಬೇಕು. ಅದಕ್ಕೆ ನಾವು ಮರಿಗುಂಡಿ ಎಂದೆವು. ಆ ಕೆಲಸವನ್ನು ಅವರು ಮಲ್ಲಣ್ಣನಿಗೇ ವಹಿಸಿದರು.

"ದಸರಾಕ್ಕೆ ನಮ್ಮ ಮೇಲಿನವರು ಬರ್ತಾರೆ. ಅವರ ಎದುರಿಗೆ ಮರಿ ಬಿಡೋಣ. ಕೆಲಸ ಚೆನ್ನಾಗಿ ಮಾಡಿದ್ರೆ ನಿನ್ನನ್ನ ಕಾರ್ಖಾನೆಗೆ ಅಪ್ರೆಂಟಿಸ್ ತಗೊಳ್ತೀನಿ, ಆಯ್ತೇನಯ್ಯಾ?" ಎಂದರು.

ನಮ್ಮ ಮನೆಯಿಂದ ಕಾರ್ಖಾನೆಯ ಗೇಟು ದಾಟಿದವರು ಯಾರೂ ಇರಲಿಲ್ಲ. ಅಂದು ಯವ್ವ ಹೋಳಿಗೆ ಮಾಡಿದಳು.

ಅಪ್ಪ ಅಣ್ಣನಿಗೆ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ನೀರಂದ್ರ ಹೊಲ ಇದ್ದಂಗ ತಮ್ಮಾ. ಬಿತ್ತೂಕಿನ ಮೊದ್ಲ ಕಳಿ ತಗೀಬೇಕು. ಕೊರಮೀನು ಕಳಿ. ಒಣಗಿದ ಕೆಸರಿನಾಗ ತಿಂಗಳಗಟ್ಲೆ ಜೀವ ಹಿಡಕೊಂಡು ಮಲಗಿರ್ತದ. ಸುಣ್ಣಕ್ಕ ಮಾತ್ರ ಅಂಜತದ."

ಕೊರಮೀನಿನ ತಲೆ ಹಾವಿನ ತಲೆಯಂತಿರುತ್ತದೆ. ತನಗಿಂತ ಸಣ್ಣದು ಯಾವುದನ್ನೂ ಅದು ಬಿಡುವುದಿಲ್ಲ.

ಆ ಬೇಸಿಗೆಯಲ್ಲಿ ಮಲ್ಲಣ್ಣ ಗುಂಡಿಯನ್ನು ಬಿರುಕು ಬಿಡುವವರೆಗೆ ಒಣಗಿಸಿದ. ಭಟ್ಟಿಯ ಸುಣ್ಣವನ್ನು ಪುಟ್ಟಿಯಲ್ಲಿ ಹೊತ್ತು ತಂದು, ಕೈಗೆ ಗೋಣಿಯ ಚೂರು ಸುತ್ತಿಕೊಂಡು, ಮೂಲೆ ಮೂಲೆಗೂ ಚೆಲ್ಲಿದ. ನೀರು ಚಿಮುಕಿಸಿದಾಗ ಸುಣ್ಣ ಬುಸುಗುಟ್ಟಿ ಕುದಿಯಿತು. ಬಿಸಿ ಕಲ್ಲಿನ, ಸುಟ್ಟ ಮಣ್ಣಿನ ವಾಸನೆ. ನಾನು ದಂಡೆಯ ಮೇಲೆ ಪರಸಿ ಕಲ್ಲಿನ ಚೂರಿನಿಂದ ಕುಂಟಾಬಿಲ್ಲೆ ಆಡುತ್ತ ನೋಡುತ್ತಿದ್ದೆ. ಗೋಣಿ ಹರಿದು ಅವನ ಅಂಗೈಯ ಚರ್ಮ ಎದ್ದಿತು. ಎಂಟು ದಿನ ಅವನಿಗೆ ರೊಟ್ಟಿ ಮುರಿಯಲು ಆಗಲಿಲ್ಲ. ನಾನೇ ಮುರಿದು, ಪುಂಡಿಪಲ್ಯ ಹಚ್ಚಿ, ಬಾಯಿಗೆ ಇಡುತ್ತಿದ್ದೆ.

"ಚಂದಿ, ಜರಾ ಸಣ್ಣ ತುತ್ತು ಮಾಡ. ನಾ ಏನ್ ಎಮ್ಮಿ ಏನ?"

"ಎಮ್ಮಿಗಿ ಇಷ್ಟ ಮಾತು ಬರಂಗಿಲ್ಲ."

ಮಳೆ ಬಿದ್ದು ಗುಂಡಿ ತುಂಬಿತು. ಅಣ್ಣ ಸಗಣಿ ಕಲಸಿ ನೀರನ್ನು ಹಸಿರು ಮಾಡಿದ. ನನ್ನನ್ನು ದಂಡೆಗೆ ಕೂರಿಸಿ ಹೇಳಿದ: "ಮರಿ ಬರೂತನ ಹೊರಗಿನ ನೀರು ಒಂದು ಚರಿಗಿ ಸೈತ ಇದರಾಗ ಬೀಳಬಾರದು. ತಿಳೀತಿಲ್ಲೋ?"

"ತಿಳೀತು."

ಅದೇ ವಾರ ಹಿಂದಿನ ಹಳ್ಳದಲ್ಲಿ ಯಾರೋ ಒಂದು ತಾಯಿ ಕೊರಮೀನನ್ನು ಹಿಡಿದುಕೊಂಡು ಹೋದರು. ಅದರ ಮರಿಗಳು ಒಂದೇ ಉಂಡೆಯಾಗಿ ನೀರಿನ ಮೇಲೆ ಸುತ್ತುತ್ತಿದ್ದವು. ಕುಂಕುಮ ಕಲಸಿದಂಥ ಕೆಂಪು. ತಾಯಿ ಇದ್ದ ಜಾಗವನ್ನು ಬಿಟ್ಟು ಅವು ಕದಲಲಿಲ್ಲ. ನಾನು ಚರಿಗೆಯಲ್ಲಿ ಬಳಿದುಕೊಂಡು ಬಂದು ಮನೆಯ ಹಿಂದೆ ಇಟ್ಟುಕೊಂಡೆ. ಎರಡು ದಿನಕ್ಕೆ ನೀರು ನಾರಿತು, ಕೆಲವು ಸತ್ತು ತೇಲಿದವು. ಯವ್ವ, "ಹೊರಗ ಚೆಲ್ಲು ಅದನ್ನ, ಹೊಲಸು" ಎಂದಳು.

ಅಣ್ಣ ಹಿಂಡಿ ತರಲು ವಾಡಿಗೆ ಹೋಗಿದ್ದ. ಹಳ್ಳಕ್ಕೆ ಹೋಗಬೇಕೆಂದರೆ ಬಿಸಿಲಿನಲ್ಲಿ ಮುಳ್ಳುಗಂಟಿ ದಾಟಿ ನಡೆಯಬೇಕು. ಮರಿಗುಂಡಿ ಹತ್ತು ಹೆಜ್ಜೆ. ನಾನು ಚರಿಗೆಯನ್ನು ಅದರಲ್ಲಿ ಬಗ್ಗಿಸಿದೆ.

ಅವು ಕೊರಮೀನಿನ ಮರಿ ಎಂದು ನನಗೆ ಗೊತ್ತಿರಲಿಲ್ಲ ಎಂದು ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ಹೊಳೆಯ ಮಂದಿಯ ಮಗಳಿಗೆ ಅಷ್ಟು ಗೊತ್ತಿರದೆ ಇರುತ್ತದೆಯೇ? ಗೊತ್ತಿತ್ತು. ಇಷ್ಟು ಸಣ್ಣವು ಏನು ಮಾಡಿಯಾವು ಎಂದುಕೊಂಡೆ, ಅಷ್ಟೆ.

ಶ್ರಾವಣದ ಹೊತ್ತಿಗೆ ರೈಲಿನಲ್ಲಿ ರೋಹು ಮರಿಗಳ ಡಬ್ಬಿಗಳು ಬಂದವು. ಸ್ಟೇಶನ್ನಿನಲ್ಲಿ ಟಾಂಗಾ ಹೊಡೆಯುವ ಖಾಜಾ ಮಾಮಾ ಒದ್ದೆ ಗೋಣಿ ಹೊದಿಸಿ ತಂದ. ದಾರಿಯುದ್ದಕ್ಕೂ ಅಣ್ಣ ನೀರನ್ನು ಕೈಯಿಂದ ಬಡಿಯುತ್ತ ಬಂದಿದ್ದ, ಮರಿಗಳಿಗೆ ಉಸಿರು ಕಟ್ಟಬಾರದೆಂದು.

"ಏನಪಾ ಮಲ್ಲಣ್ಣ, ನಿನ್ನ ಮದಿವ್ಯಾಗ ಸುದ್ದಾ ನನ್ನ ಟಾಂಗಾ ಇಷ್ಟು ಹಳೂಕ ಹೊಡ್ಯಾಂಗಿಲ್ಲ ನೋಡು" ಎಂದು ಖಾಜಾ ಮಾಮಾ ಬೈದ.

"ಮದಿವಿ ಹೆಣ್ಣು ಬಿದ್ರ ಎದ್ದೇಳ್ತಾಳ ಮಾಮಾ, ಇವು ಏಳಂಗಿಲ್ಲ" ಎಂದ ಅಣ್ಣ.

ಡಬ್ಬಿಗಳನ್ನು ಗುಂಡಿಯ ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರಿಗೆ ಹೊರಗಿನ ನೀರನ್ನು ಬೊಗಸೆ ಬೊಗಸೆಯಾಗಿ ಕೂಡಿಸಿ, ಎರಡರ ತಂಪೂ ಒಂದಾದ ಮೇಲೆಯೇ ಡಬ್ಬಿಯನ್ನು ಓರೆ ಮಾಡಿದ. ಮರಿಗಳು ತಾವಾಗಿಯೇ ಹೊರಗೆ ಈಜಿದವು. ಅಣ್ಣನ ಮುಖ ಅಷ್ಟು ಬೆಳಗಿದ್ದನ್ನು ನಾನು ಆಮೇಲೆ ನೋಡಲಿಲ್ಲ, ಅವನ ಮದುವೆಯಲ್ಲೂ.

ದಿನಾಲು ಮುಂಜಾನೆ ಅವನು ತೌಡು, ಹಿಂಡಿ ಕಲಸಿ ಹಾಕುತ್ತಿದ್ದ. ನಾನು ಹಿಂಡಿಯ ಚೂರು ಕದ್ದು ತಿನ್ನುತ್ತಿದ್ದೆ. ಒಂದು ದಿನ ನಾನೊಬ್ಬಳೇ ದಂಡೆಯಲ್ಲಿದ್ದೆ. ಮರಿಗಳ ಒಂದು ಗುಂಪು ಫಳಕ್ಕನೆ ನೀರಿನಿಂದ ಮೇಲೆ ಚಿಮ್ಮಿತು. ಅದರ ಕೆಳಗೆ ಕಪ್ಪನೆಯದೊಂದು ಹೊರಳಿತು. ತಲೆ ಕಂಡಿತು. ನನ್ನ ಬೆರಳಿಗಿಂತ ಉದ್ದವಿತ್ತು.

ಆಗ ಹೇಳಿದ್ದರೆ ಆಗುತ್ತಿತ್ತು. ಬಲೆ ಎಳೆದು ಉಳಿದ ಮರಿಗಳನ್ನು ಬೇರೆ ಮಾಡಬಹುದಿತ್ತು. ದಸರಾ ಇನ್ನೂ ದೂರವಿತ್ತು. ಅಣ್ಣ ಬಂದು, "ಮರಿ ಹೆಂಗವ ಚಂದಿ?" ಎಂದು ಕೇಳಿದ.

"ಛಲೋ ಅವ" ಎಂದೆ.

ಮರುದಿನವೂ ಕೇಳಿದ. ಮರುದಿನವೂ ಅದನ್ನೇ ಹೇಳಿದೆ. ಹಸಿರು ನೀರಿನಲ್ಲಿ ಅವನಿಗೆ ಏನೂ ಕಾಣಲಿಲ್ಲ. ಹಾಕಿದ ಹಿಂಡಿ ಉಳಿಯತೊಡಗಿದಾಗ, "ಹೊಟ್ಟಿ ತುಂಬ್ಯದ ಅನಸ್ತದ" ಎಂದ.

ದಸರಾದ ದಿನ ದಂಡೆಗೆ ಕುರ್ಚಿ ಹಾಕಿದ್ದರು. ಮೇಲಿನ ಸಾಹೇಬರು ಹೆಂಡತಿ ಮಕ್ಕಳೊಂದಿಗೆ ಬಂದಿದ್ದರು. ಅಪ್ಪ, ಅಣ್ಣ ಗುಂಡಿಗೆ ಬಲೆ ಎಳೆದರು. ಬಲೆಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಮರಿ. ಮತ್ತೆ ಎಳೆದರು. ಬರೀ ಕೆಸರು. ಕುರ್ಚಿಯಲ್ಲಿದ್ದ ಒಂದು ಹುಡುಗಿ, "ಮೀನೆಲ್ಲಿ?" ಎಂದು ಕೇಳಿತು. ದೊಡ್ಡ ಸಾಹೇಬರು ಗುಂಡಿಯ ನೀರು ಬಿಡಿಸಿದರು. ಮಧ್ಯಾಹ್ನದ ಹೊತ್ತಿಗೆ ತಳ ಕಂಡಿತು. ಬಡಗಣ ಮೂಲೆಯ ಕೆಸರಿನಲ್ಲಿ ಗೇಣುದ್ದದ ಕೊರಮೀನುಗಳು ಹೊರಳಾಡುತ್ತಿದ್ದವು.

"ಸುಣ್ಣ ಹಾಕಿದ್ದೆ ಅಂದಿದ್ದೆಯಲ್ಲಯ್ಯಾ?" ಎಂದರು ಸಾಹೇಬರು.

"ಹಾಕೀನ್ರಿ ಸಾಹೇಬ್ರ. ದೇವ್ರಾಣಿ ಹಾಕೀನ್ರಿ. ಕೈ ನೋಡ್ರಿ" ಎಂದು ಅಣ್ಣ ಅಂಗೈ ಚಾಚಿದ. ಅಷ್ಟರಲ್ಲಿ ಗಾಯ ಮಾಯ್ದಿತ್ತು. ಅಂಗೈ ತುಂಬ ಕೆಸರಿತ್ತು.

"ಸುಣ್ಣ ಬಿದ್ದ ಕೆಸರಲ್ಲಿ ಇವು ಹೇಗಯ್ಯಾ ಬದುಕಿದವು? ಸುಣ್ಣವನ್ನೂ ಮಾರ್ಕೊಂಡ್ಯೋ?"

ಯಾರೋ ನಕ್ಕರು. ಅಪ್ಪ ಅಣ್ಣನ ಕಡೆ ತಿರುಗಿ, "ಆ ಮೂಲಿ ಬಿಟ್ಟಿದ್ದ್ಯೇನೋ?" ಎಂದ. ಅಣ್ಣ ಇಲ್ಲ ಎನ್ನುವಷ್ಟರಲ್ಲಿ ಅಪ್ಪ ಅವನ ಕೆನ್ನೆಗೆ ಹೊಡೆದ. ಎಲ್ಲರ ಮುಂದೆ.

ನಾನು ಕುಡಿಯುವ ನೀರಿನ ಕೊಡದ ಪಕ್ಕದಲ್ಲಿ ನಿಂತಿದ್ದೆ. ಕೈಯಲ್ಲಿ ಅದೇ ಚರಿಗೆ ಇತ್ತು. ನನಗೆ ಅಳು ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಕಲ್ಲಿನ ಮೇಲೆ ಬಹಳ ಹೊತ್ತು ಕುಳಿತರೆ ಕಾಲು ಮರಗಟ್ಟುತ್ತದಲ್ಲ, ಹಾಗೆ ಒಳಗೆಲ್ಲ ಆಗಿತ್ತು. ಆಮೇಲೆ ಅದು ಬಿಟ್ಟಿತೋ ಇಲ್ಲವೋ, ನನಗೆ ಇಂದಿಗೂ ಸರಿಯಾಗಿ ತಿಳಿಯದು. ಅಂದು ರಾತ್ರಿ ಊಟಕ್ಕೆ ಆ ಕೊರಮೀನುಗಳನ್ನೇ ಹುಣಸೆಹುಳಿ ಹಾಕಿ ಯವ್ವ ಸಾರು ಮಾಡಿದಳು. ಅಣ್ಣ ಉಣ್ಣಲಿಲ್ಲ. ನಾನು ಉಂಡೆ.

ಅಪ್ರೆಂಟಿಸ್ ಕೆಲಸ ಬೇರೆ ಹುಡುಗನಿಗೆ ಹೋಯಿತು. ಅಳತೆಯ ಕೋಲನ್ನೂ ಅವನ ಕೈಗೇ ಕೊಟ್ಟರು. ಮಲ್ಲಣ್ಣ ಶಹಾಬಾದಿನ ಖಣಿಗೆ ಪರಸಿ ಒಡೆಯಲು ಹೋದ. ಮೂವತ್ತು ವರ್ಷ ಒಡೆದ. ಮೆಟ್ರಿಕ್ ಓದಿದ ಕೈ ಕಲ್ಲಿನಂತೆಯೇ ಆಯಿತು. ಅವನಿಗೆ ಕೆಮ್ಮು ಹತ್ತಿತು.

ಈಗ ಅಲ್ಲಿ ಕೆರೆಯಿಲ್ಲ. ಕಲ್ಲಿನ ಪುಡಿ, ಚೂರು ಸುರಿದು ಖಣಿಯನ್ನು ಮುಚ್ಚಿದ್ದಾರೆ. ನಮ್ಮ ಮನೆ ಎಲ್ಲಿತ್ತು ಎಂದು ನಾನೇ ಹುಡುಕಬೇಕಾಯಿತು. ವಾಡಿಯಲ್ಲಿ ರೈಲು ನೀರು ಕುಡಿಯುವುದಿಲ್ಲ. ಸಂತೆಗೆ ಮೀನು ಬರ್ಫದಲ್ಲಿ ಬರುತ್ತದೆ, ಯಾವ ನೀರಿನದೋ ಏನೋ. ರೋಹು ಕಂಡರೆ ನಾನು ಮೊಳ ಹಾಕಿ ನೋಡುತ್ತೇನೆ. ಮಾರುವವಳು, "ಅಳದು ತಗೋಳ್ಳಾಕ ಇದೇನ್ ಅಂಗಿ ಅರಿವೀ ಏನಬೇ?" ಎಂದು ನಗುತ್ತಾಳೆ.

ಅಣ್ಣ ತೀರಿಹೋಗುವ ಮುಂಚಿನ ವಾರ ನಾನು ಅವನ ಹತ್ತಿರ ಇದ್ದೆ. ಅವನಿಗೆ ತುತ್ತು ಎತ್ತಲು ಆಗುತ್ತಿರಲಿಲ್ಲ, ರೊಟ್ಟಿ ಹಾಲಿನಲ್ಲಿ ನೆನೆಸಿ ನಾನೇ ಉಣಿಸುತ್ತಿದ್ದೆ. ನಡುವೆ ತಡೆದು ಕೇಳಿದ, "ಚಂದಿ, ಆ ಮರಿಗುಂಡಿ ನೆನಪದ ಏನ ನಿನಗ?"

"ಅದ."

"ಎಷ್ಟೋ ವರ್ಷ ನಾ ಎಲ್ಲಾ ಕಡಿ ಹಾಕೀನಿ ಅಂತಿದ್ದೆ. ಈಗ ವಿಚಾರ ಮಾಡಿದ್ರ, ಆ ಬಡಗಣ ಮೂಲಿಗಿ ಸುಣ್ಣ ಮುಟ್ಟಿಲ್ಲೇನೋ ಅನಸ್ತದ. ಅಪ್ಪ ಹೊಡದದ್ದು ಖರೇನೇ ಇತ್ತು. ಕೈ ಉರೀಲಿಕತ್ತಿತ್ತು, ಅದಕ ಬಿಟ್ಟಿರಬೇಕು ನಾ. ನೀ ಅಲ್ಲೇ ಇದ್ದಿ. ನೀನೇ ಹೇಳು."

ಅವನು ಚೆಲ್ಲಿದ್ದನ್ನು ನಾನು ನೋಡಿದ್ದೆ. ಬಡಗಣ ಮೂಲೆಗೆ ಎರಡು ಸಲ ಚೆಲ್ಲಿದ್ದ.

"ಇರಬಹುದಣ್ಣಾ" ಎಂದೆ.

"ಹೌದಲ್ಲ?" ಎಂದು ಅವನು ಹಗುರಾದವನಂತೆ ಬಾಯಿ ತೆರೆದ. ನಾನು ಇನ್ನೊಂದು ತುತ್ತು ಇಟ್ಟೆ. ಸಣ್ಣದು.