ನಾಲ್ಕು ಸಲ ಮಾರಿದ ಮನೆ

ಪಾಂಡವಪುರದ ಹೊರಗಿನ ಬಡಾವಣೆಯಲ್ಲಿ ನಮಗೆ ತೋರಿಸಿದ ಮನೆ ನೋಡಲು ಚೆನ್ನಾಗಿಯೇ ಇತ್ತು. ಎರಡು ಕೋಣೆ, ಹೊಸ ಬಣ್ಣ, ಮುಂದೆ ಒಂದು ಕರಿಬೇವಿನ ಗಿಡ. ನಾನು ಪಾಠ ಹೇಳುವ ಶಾಲೆಗೆ ನಡೆದೇ ಹೋಗಬಹುದಿತ್ತು. ಬಾಡಿಗೆ ಮನೆಗಳಲ್ಲಿ ಸಾಕಾಗಿದ್ದ ನಾನೂ ನನ್ನ ಗಂಡನೂ ಒಳಗೆ ಕಾಲಿಟ್ಟ ಕೂಡಲೇ ಮಂಚ ಎಲ್ಲಿ, ಬೀರು ಎಲ್ಲಿ ಎಂದು ಲೆಕ್ಕ ಹಾಕತೊಡಗಿದೆವು.

ಅನುಮಾನ ಹುಟ್ಟಿದ್ದು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ, ಹಿಂದಿನ ಕ್ರಯಗಳೆಲ್ಲ ನಮೂದಾಗಿರುವ ಇ.ಸಿ. ತೆಗೆಸಿದಾಗ. ಹತ್ತು ವರ್ಷದೊಳಗೆ ಆ ಮನೆ ನಾಲ್ಕು ಸಲ ಮಾರಾಟವಾಗಿತ್ತು. ನಮ್ಮ ಕಡೆ ಮನೆ ಕೊಂಡವರು ಅಷ್ಟು ಸುಲಭವಾಗಿ ಬಿಟ್ಟು ಹೋಗುವುದಿಲ್ಲ.

ದಲ್ಲಾಳಿಯನ್ನು ಕೇಳಿದೆ. ಆತ ಪಕ್ಕದ ಮನೆಯತ್ತ ನೋಡಿ ದನಿ ತಗ್ಗಿಸಿದ.

"ಆವಮ್ಮನ ಬಾಯಿ ಸರಿಯಿಲ್ಲ ಮೇಡಂ. ಯಾರ್ನೂ ನೆಮ್ದಿಯಾಗಿ ಇರಾಕೆ ಬುಡಲ್ಲ. ನೀವು ಮಾತಾಡ್ಸಕ್ಕೇ ಹೋಗ್ಬೇಡಿ, ಅಷ್ಟೇಯ."

ನಾನು ನಂಬಿಬಿಟ್ಟೆ. ಮರುದಿನ ಮತ್ತೆ ಮನೆ ನೋಡಲು ಹೋದಾಗ ಆ ಹೆಂಗಸು ಕಾಂಪೌಂಡಿನಾಚೆಯಿಂದ "ಯಾವೂರಾಯ್ತವ್ವ?" ಎಂದಾಗ ಕೇಳಿಸದವಳಂತೆ ಒಳಗೆ ಹೋದೆ. ಆಮೇಲೆ ಆಕೆ ಬಟ್ಟೆ ಒಣಹಾಕಿದರೂ ನಮ್ಮನ್ನೇ ಗಮನಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ಮುಂಗಡ ಕೊಡುವ ಮೊದಲು ಹೊಣಕೆರೆಯಿಂದ ಅಪ್ಪನನ್ನು ಕರೆಸಿದೆ. ಅಪ್ಪ ಮರಗೆಲಸದವರು. ಗೋಡೆ, ತಾರಸಿ ಯಾವುದನ್ನೂ ನೋಡದೆ ಬಾಗಿಲ ಬಳಿ ಕುಕ್ಕರುಗಾಲಲ್ಲಿ ಕೂತು ಚೌಕಟ್ಟಿನ ಬುಡವನ್ನು ಉಗುರಿನಿಂದ ಕೆರೆದರು. ಬಣ್ಣದಡಿ ಜೋಡಣೆಯ ಗೆರೆ ಕಾಣಿಸಿತು. ಎದ್ದು ಉಳಿದ ಬಾಗಿಲುಗಳನ್ನೂ ಹಾಗೆಯೇ ನೋಡಿಬಂದರು.

"ಎಲ್ಲಾ ಬಾಗ್ಲಿಗೂ ಗೇಣುದ್ದ ಬೇರೆ ಮರ ಕೂರ್ಸವ್ರೆ ಕಣವ್ವ. ಬುಡ ಕೊಳ್ತೋಗಿತ್ತು."

"ಹಳೇ ಓನರು ದಿನಾ ನೀರಾಕಿ ತೊಳೀತಿದ್ರು," ಎಂದ ದಲ್ಲಾಳಿ.

"ತೊಳುದ್ರೆ ಇಂಗಾಯ್ತದೇನ್ಲಾ?" ಎಂದರು ಅಪ್ಪ. ಆತ ಫೋನು ಬಂದವನಂತೆ ಹೊರಗೆ ನಡೆದ.

ನಾಚಿಕೆ ನುಂಗಿಕೊಂಡು ಪಕ್ಕದ ಮನೆಗೆ ಹೋದೆ. ಬಾಗಿಲುಗಳ ಬುಡ ಕೊಳೆತದ್ದೇಕೆಂದು ಆಕೆಯನ್ನು ಕೇಳಿದೆ.

"ಹಿಂದ್ಗಡೆ ನಾಲೆಗೆ ನೀರು ಬುಟ್ಟಾಗ ಬಂದು ನೋಡವ್ವ. ಆ ಮನೆ ತಗ್ಗಲ್ಲೈತೆ, ನೆಲದಿಂದ್ಲೇ ನೀರು ಜಿನುಗ್ತದೆ. ಹೇಳಾಣ ಅಂತ್ಲೇ ಅವತ್ತು ಕೂಗಿದ್ದು. ನೀನು ಮಕ ತಿರುಗ್ಸ್ಕೊಂಡೋದೆ."

ಮನೆಗೆ ಬಂದು ಇ.ಸಿ.ಯನ್ನು ಮತ್ತೆ ಬಿಡಿಸಿದೆ. ನಾಲ್ಕು ಕ್ರಯವೂ ಬೇಸಿಗೆಯಲ್ಲೇ ಆಗಿದ್ದವು, ನಾಲೆ ಒಣಗಿರುವ ತಿಂಗಳುಗಳಲ್ಲಿ. ಮೋಸಹೋದ ಪ್ರತಿಯೊಬ್ಬರೂ ಬಣ್ಣ ಬಳಿಸಿ ಇನ್ನೊಬ್ಬರಿಗೆ ದಾಟಿಸಿದ್ದರು. ನಾವು ಬೇಡವೆಂದೆವು.

ಅದಾದ ಮೂರನೇ ವಾರ ಕೆ.ಆರ್. ಪೇಟೆ ಕಡೆಯ ಗಂಡ ಹೆಂಡತಿ ಅದೇ ಮನೆ ನೋಡಲು ಬಂದಿದ್ದರು. ಶಾಲೆಯಿಂದ ಬರುತ್ತಿದ್ದ ನಾನು ಗೇಟಿನ ಹತ್ತಿರ ನಿಲ್ಲಿಸಿ ಎಲ್ಲವನ್ನೂ ಹೇಳಿದೆ.  ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಮ್ಮನ್ನ ಎದರ್ಸಿ ಓಡ್ಸಿ, ಕಮ್ಮಿ ರೇಟ್ಗೆ ನೀವೇ ಒಡ್ಕಳಾಣ ಅಂತಾನಾ?"

ನಾನು ಮನೆಯ ದಾರಿ ಹಿಡಿದೆ. ಅವರು ಮನೆ ಕೊಂಡರು.

ನಾಲೆಗೆ ನೀರು ಬಂದ ಮೇಲೆ ಒಂದು ಬೆಳಿಗ್ಗೆ ಅವರ ತಾರಸಿಯ ಮೇಲೆ ಹಾಸಿಗೆ, ಚೀಲ, ಮಕ್ಕಳ ಪುಸ್ತಕಗಳೆಲ್ಲ ಬಿಸಿಲಿಗೆ ಹರಡಿದ್ದವು. ಆಕೆ ನನ್ನನ್ನು ಕಂಡು ಒಳಗೆ ಹೋದಳು. ನನಗೆ ಸಂತೋಷವಂತೂ ಆಗಲಿಲ್ಲ. ಇನ್ನೂ ಸ್ವಲ್ಪ ಬಲವಾಗಿ ಹೇಳಬೇಕಿತ್ತೇನೋ ಅನ್ನಿಸಿತು.

ಮುಂದಿನ ಬೇಸಿಗೆಗೆ ಮಾರಾಟದ ಬೋರ್ಡು ಹಾಕುತ್ತಾರೆಂದು ಕಾದೆ. ಹಾಕಲಿಲ್ಲ. ಗೇಟಿನ ಮುಂದೆ ಮಣ್ಣು ತುಂಬಿದ ಟ್ರಾಕ್ಟರು ನಿಂತಿತ್ತು. ನೆಲ ಎತ್ತರಿಸಲು ಆ ಗಂಡ ಹೆಂಡತಿ ಬಾಂಡಲಿಯಲ್ಲಿ ತಾವೇ ಮಣ್ಣು ಹೊರುತ್ತಿದ್ದರು.