ಪಾಳು ಎಂದು ಬರೆದ ಹೊಲ

ನಾಳೆ ಚೌತಿ. ಮುಂಜಾನೆ ರಾಯಚೂರಿನ ಸಂತೆಯಲ್ಲಿ ಗರಿಕೆ ಕೊಂಡು ಮೂಸಿದೆ. ಹಸಿ ಎರೆಮಣ್ಣಿನ ವಾಸನೆ. ನೀವು ಅದನ್ನು ದೇವರಿಗೇರಿಸುತ್ತೀರಿ. ನಮ್ಮ ಮಾನ್ವಿ ಕಡೆಯ ರೈತನಿಗೆ ಅದು ಹೊಲ ನುಂಗುವ ಕರಿಕಿ. ತೊಡೆಮಟ ಅಗೆದರೂ ಬೇರು ಮುಗಿಯುವುದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲೊಂದು ಹಳ್ಳಿಯ ಲೆಕ್ಕಿಗ. ಮೆಟ್ರಿಕ್ ಪಾಸಾದ ಗತ್ತಿಗೆ ಕಿಸೆಯಲ್ಲಿ ಎರಡು ಪೆನ್ನು. ಒಂದರಲ್ಲಿ ಶಾಯಿಯೇ ಇರುತ್ತಿರಲಿಲ್ಲ. ನಿಜಾಮನ ಕಾಲದ ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟವರ ಹೊಲವೊಂದು ಅಂದಿನಿಂದ ಕರಿಕಿ ತುಂಬಿ ಬಿದ್ದಿತ್ತು. ಜೀತ ರದ್ದಾಗಿ ಗೌಡರ ಮನೆಯಿಂದ ಬಿಡುಗಡೆಯಾದ ಹನುಮವ್ವನಿಗೆ ಸರ್ಕಾರ ಅದನ್ನು ಕೊಟ್ಟಿತು. ಷರತ್ತು ಒಂದೇ: ಹೊಲ ಪಾಳು ಬೀಳಬಾರದು.

ಬೇಸಿಗೆಯೆಲ್ಲ ಆಕೆ, ಮಗಳು ಗುದ್ದಲಿ ಹಿಡಿದು ಕರಿಕಿ ಅಗೆದರು. ನಾನು ಬದುವಿನ ಮೇಲೆ ನಿಂತು, "ಇನ್ನ ಎಷ್ಟ್ ಅಗಿತಿ ಬೇ, ಪಾತಾಳ ಬಂತು" ಎಂದರೆ, "ಪಾತಾಳದಾಗ ಗೌಡ್ರು ಇರಲ್ಲಲ್ರೀ ಯಪ್ಪಾ, ಅಲ್ಲೀತನಕ ಅಗಿತೀನಿ" ಎಂದು ನಗುತ್ತಿದ್ದಳು.

ಮಳೆಗಾಲದಲ್ಲಿ ತಪಾಸಣೆಗೆ ಸಾಹೇಬರು ಬಂದರು, ಬೇರೆ ಸೀಮೆಯವರು. ಹನುಮವ್ವ ಅವತ್ತು ಕಾಲುವೆ ಕೆಳಗೆ ನೆಲ್ಲು ಹಚ್ಚುವ ಕೂಲಿಗೆ ಹೋಗಿದ್ದಳು. ಹೊಲ ಬೋಳಾಗಿತ್ತು. ಎರೆಹೊಲ ಮುಂಗಾರಿನಲ್ಲಿ ಖಾಲಿ ಇದ್ದು ನೀರು ಕುಡಿದು, ಹಿಂಗಾರಿಗೆ ಜೋಳ ಕಾಣುತ್ತದೆ; ನಮ್ಮಲ್ಲಿ ಕೂಸಿಗೂ ಗೊತ್ತು. "ಯಾಕೆ ಬಿತ್ತಿಲ್ಲ?" ಎಂದು ಸಾಹೇಬರು ನನ್ನನ್ನು ಕೇಳಿದರು. ಪಕ್ಕದಲ್ಲಿ ಗೌಡರು. ನಾನಿದ್ದದ್ದು ಅವರ ವಾಡೆಯಲ್ಲಿ, ಉಂಡದ್ದು ಅವರ ಪಡಸಾಲೆಯಲ್ಲಿ. ಬಾಯಿ ಬಿಡಲಿಲ್ಲ. 'ಪಾಳು' ಎಂದು ಬರೆದೆ.

ಸಂಜೆ ಓಡಿ ಬಂದ ಹನುಮವ್ವನಿಗೆ, "ಸಾಹೇಬ್ರು ಹೇಳಿದ್ದು ಬೇ, ನನ್ನ ಕೈಯಾಗ ಏನದ" ಎಂದೆ.

ಹೊಲ ಗೌಡರ ಸಾಗುವಳಿಗೆ ಹೋಯಿತು. ಚಳಿಗಾಲಕ್ಕೆ ಅಲ್ಲೇ ಸೀತನಿ ತಿನ್ನಲು ಕರೆದರು. ಜೋಳದ ಎಳೆ ತೆನೆಯನ್ನು ಕೆಂಡದಲ್ಲಿ ಸುಟ್ಟು, ತಿಕ್ಕಿ, ಬಿಸಿ ಕಾಳು ನನ್ನ ಬೊಗಸೆಗೆ ಹಾಕಿದವಳು ಹನುಮವ್ವ. ಮತ್ತೆ ಗೌಡರ ಆಳಾಗಿದ್ದಳು. "ತಿನ್ರೀ ಯಪ್ಪಾ, ಕರಿಕಿ ಇಲ್ಲದ ಹೊಲದ್ದು." ತಿಂದೆ. ರುಚಿಯಾಗಿತ್ತು. ಅದನ್ನೂ ಮುಚ್ಚಿಟ್ಟರೆ ಈ ತಪ್ಪೊಪ್ಪಿಗೆ ಅರ್ಧವೇ.

ಹನುಮವ್ವ ಈಗಿಲ್ಲ. ಮಗಳು ಇದೇ ರಾಯಚೂರಿನಲ್ಲಿ ಹತ್ತಿ ಮಿಲ್ಲಿಗೆ ಹೋಗುತ್ತಾಳೆ. ಆಕೆಯ ಓಣಿ ತಪ್ಪಿಸಿ ಎಷ್ಟೋ ವರ್ಷ ಸುತ್ತು ಹಾಕಿ ನಡೆದಿದ್ದೇನೆ. ಇವತ್ತು ಸಂತೆಯಿಂದ ನೆಟ್ಟಗೆ ಅಲ್ಲಿಗೇ ಹೋಗಿ, ಎಲ್ಲ ಹೇಳಿದೆ.

ಆಕೆ ಬಾಗಿಲಲ್ಲೇ ನಿಂತು ಕೇಳಿದಳು. "ನಮ್ಮವ್ವ ಸಾಯೋತನಕ ತನಗ ತಾನ ಬೈಕೊಂತಿದ್ಲುರೀ. ಅವತ್ತ ನಾ ಕೂಲಿಗಿ ಹೋಗಬಾರದಿತ್ತು, ಹೊಲದಾಗ ಇದ್ದಿದ್ರ ಲೆಕ್ಕಿಗ್ರು ನನ್ನ ಪರ ಮಾತಾಡ್ತಿದ್ರು ಅಂತ."

ಕೂಡ್ರಿ ಅನ್ನಲಿಲ್ಲ. ನಾನೂ ಕೂಡ್ರಲಿಲ್ಲ.