ವೆತೂರಿಯಾ ಕೂತ ಮೆಟ್ಟಿಲು

ಪೆತ್ರೊಶಾನಿಯ ಗಣಿ ಕೆಲಸಗಾರರ ಬಡಾವಣೆಯಲ್ಲಿ ವೆತೂರಿಯಾಳಷ್ಟು ಸರತಿಯಲ್ಲಿ ನಿಂತವರು ಇನ್ನೊಬ್ಬರಿಲ್ಲ. ಸಾಲು ಕಂಡರೆ ಮೊದಲು ಸೇರಿಕೊಳ್ಳುವುದು, ಏನು ಕೊಡುತ್ತಾರೆಂದು ಆಮೇಲೆ ಕೇಳುವುದು. ಅಂಗಡಿಗಳೆಲ್ಲ ಬರಿದಾಗಿದ್ದ ಆ ಕಾಲದಲ್ಲಿ ಊರಿನ ಎಲ್ಲರ ರೂಢಿಯೂ ಅದೇ. ಹಾಗೆ ಮೀನಿನ ಆಸೆಗೆ ಬೆಳಗಿನಿಂದ ನಿಂತು ಬೂಟಿನ ಪಾಲಿಶ್ ತಂದವಳು ಈ ಪುಣ್ಯಾತ್ಗಿತ್ತಿ.

ಆ ಚಳಿಗಾಲದಲ್ಲಿ ಅವಳಿಗೆ ಬೇಕಾಗಿದ್ದುದು ಒಂದೇ ಒಂದು ನಿಂಬೆಹಣ್ಣು. ಗಂಡ ಅವ್ರಾಮ್‌ನ ಎದೆಯಲ್ಲಿ ಗಣಿಯ ಕಲ್ಲಿದ್ದಲ ಧೂಳು ಮನೆ ಮಾಡಿತ್ತು. ಕೊಟ್ಟ ಸಾರನ್ನೂ ದೂಡಿ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದ.

"ನಿಂಬೆಹಣ್ಣು ಹಿಂಡಿದ ಚಹಾ ಆದ್ರೆ ಕುಡೀತೀನಿ. ಇಲ್ದಿದ್ರೆ ಬಿಡು, ನಾಳೆ ಅನ್ನೋದು ನನಗೆಲ್ಲಿದೆ?"

ಪಾಪ, ಅವಳು ಚೀಲ ಹಿಡಿದು ನಿಂಬೆಹಣ್ಣು ಹುಡುಕಲು ಹೊರಟಳು.

ಊರೆಲ್ಲ ಅಲೆದು ಕಾಲು ಸೋತು, ಮುಚ್ಚಿದ್ದ ತರಕಾರಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು. ಒಂದು ಗಳಿಗೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎದುರುಮನೆಯ ಲುಕ್ರೇಷಿಯಾ ಹಿಂದೆ ನಿಂತಿದ್ದಳು. ಅವಳ ಹಿಂದೆ ಇನ್ನೊಬ್ಬಳು.

"ಏನ್ ಕೊಡ್ತಾರೆ ಅಜ್ಜೀ?" ಅಂದಳು ಲುಕ್ರೇಷಿಯಾ.

"ಏನೂ ಇಲ್ಲ ಕಣೇ. ಕಾಲು ನೋವು, ಕೂತಿದ್ದೀನಿ."

"ಆಹಾ, ನಮ್ಮ ಹತ್ರಾನೇ ನಾಟಕ! ನೀನು ಸುಮ್ಸುಮ್ನೆ ಕೂರೋಳಾ?"

"ದೇವರಾಣೆಗೂ ಏನೂ ಇಲ್ವೇ!"

"ಆಣೆ ಹಾಕ್ತಿದ್ದಾಳೆ ಅಂದ್ರೆ ಕೋಳೀನೇ ಇರ್ಬೇಕು," ಅಂದಳು ಹಿಂದಿನವಳು.

ಅಷ್ಟೇ, ಸಾಲು ಬೀದಿಯ ತಿರುವು ದಾಟಿತು. ಗಣಿಯ ಊರಿನಲ್ಲಿ ಜನ ಗುಂಪುಗೂಡಿದರೆ ಎಲ್ಲಿ ಮುಷ್ಕರವೋ ಎಂದು ಆಳುವ ಪಕ್ಷದ ಕಚೇರಿಯವರಿಗೆ ನಡುಕ. ಅದರ ಬಿಸಿ ಅಂಗಡಿಯ ಮೇಲ್ವಿಚಾರಕನಿಗೆ ತಟ್ಟದೆ ಇರುತ್ತದೆಯೇ? ಒಳಗೆ ಅವಿತಿದ್ದವನು ಬೆವರು ಒರೆಸಿಕೊಳ್ಳುತ್ತ ಬಾಗಿಲು ತೆರೆದ.

"ಯಾರ್ರೀ ನಿಮಗೆ ಹೇಳಿದ್ದು?" ಎಂದು ಗೊಣಗುತ್ತಲೇ, ಮೇಲಿನವರಿಗೆಂದು ಅಡಗಿಸಿಟ್ಟಿದ್ದ ಪೆಟ್ಟಿಗೆಗಳನ್ನು ಎಳೆದು ತಂದ. ನಿಂಬೆಹಣ್ಣು! ತಲೆಗೊಂದು. ಮೊದಲನೆಯದು ವೆತೂರಿಯಾಳ ಕೈಗೆ ಬಂತು.

"ಕಳ್ಳಜ್ಜೀ! ಗೊತ್ತಿತ್ತು ತಾನೇ?" ಎಂದು ಲುಕ್ರೇಷಿಯಾ ತಿವಿದಳು. ಅಳಬೇಕೋ ನಗಬೇಕೋ ವೆತೂರಿಯಾಳಿಗೆ ತಿಳಿಯಲಿಲ್ಲ.

ಮನೆಯಲ್ಲಿ ಅವ್ರಾಮ್ ಹಣ್ಣನ್ನು ಮೂಸಿ ಮೂಸಿ ನೋಡಿದ. "ಪಾಪ, ಎಷ್ಟು ಹೊತ್ತು ನಿಂತಿದ್ಯೋ!"

"ನಾನೆಲ್ಲಿ ನಿಂತೆ? ಆರಾಮಾಗಿ ಕೂತಿದ್ದೆ. ಊರೇ ನನ್ನ ಹಿಂದೆ ನಿಂತಿತ್ತು."

ನಡೆದದ್ದನ್ನು ಕೇಳಿ ಕೆಮ್ಮು ಬರುವವರೆಗೂ ನಕ್ಕ. ಲೋಟ ಬರಿದಾಗುವವರೆಗೂ ಚಹಾ ಕುಡಿದ. ಇನ್ನೊಂದು ಲೋಟಕ್ಕೆ ಉಳಿದರ್ಧ ಹಣ್ಣನ್ನೂ ಅವಳು ಹಿಂಡಲು ಹೋದಾಗ ಕೈ ಹಿಡಿದುಕೊಂಡ.

"ಇರ್ಲಿ ಬಿಡೇ. ನಾಳೆಗೆ ಬೇಕು."